ಅವಧಿಗೆ ಮುನ್ನ ಬಂದ ಕೂಸಿಗೆ ಜೋಗುಳ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗದ್ದಲವನ್ನು ಬಲ್ಲವರಿಗೆ ಆಸ್ಪತ್ರೆಯ ಶಿಶುವಿಭಾಗವು ನಿಶ್ಶಬ್ದವೆಂದೇ ತೋರುವುದು. ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿದ ಕೂಸಿಗೆ ಹಾಗಲ್ಲ. ಯಂತ್ರದ ಗುಂಯ್ಗಾಟ, ಎಚ್ಚರಿಕೆಯ ಗಂಟೆ, ಪೆಟ್ಟಿಗೆಯ ಕಿಟಕಿ ಮುಚ್ಚುವ ಸಪ್ಪಳ ಇವು ಅದನ್ನು ಹಗಲಿರುಳೂ ಬೆಚ್ಚಿಸುತ್ತವೆ. ಬೆಚ್ಚಿದಾಗ ನಾಡಿ ಏರುಪೇರಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುವುದೂ ಉಂಟು.

37 ವಾರ ತುಂಬುವ ಮುನ್ನ ಹುಟ್ಟಿದ ಶಿಶುವನ್ನು ಅವಧಿಪೂರ್ವ ಶಿಶುವೆನ್ನುವರು. ಗರ್ಭದಲ್ಲಿ ಸುಮಾರು 25ನೆಯ ವಾರಕ್ಕೆ ಕಿವಿ ಕೆಲಸವನ್ನಾರಂಭಿಸುತ್ತದೆ. ಅಲ್ಲಿಗೆ ತಾಯಿಯ ಎದೆಬಡಿತ, ಆಕೆಯ ಮಾತು ಮುಟ್ಟುತ್ತವೆ. ತೀಕ್ಷ್ಣವಾದ ಸ್ವರಗಳು ದಾರಿಯಲ್ಲೇ ಕುಗ್ಗುತ್ತವೆ. ಗೋಡೆಯಾಚೆಯ ಭಜನೆಯನ್ನು ಕೇಳಿದಂತೆ ಪದ ತಿಳಿಯದು, ಧಾಟಿ ತಿಳಿಯುವುದು. ಬೇಗ ಹೊರಬಂದ ಕೂಸು ಈ ಪಾಠವನ್ನು ಅರ್ಧಕ್ಕೇ ಬಿಟ್ಟು ಬಂದಿರುತ್ತದೆ.

ಸಂಗೀತವು ಈ ಕೊರತೆಯನ್ನು ತುಂಬಬಲ್ಲುದೇ? ಅಮೆರಿಕದ 11 ಆಸ್ಪತ್ರೆಗಳಲ್ಲಿ 272 ಕೂಸುಗಳ ಮೇಲೆ ಜೋನ್ ಲೋವಿ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಎದೆಬಡಿತದಂಥ ತಾಳ, ಗರ್ಭದ ಸದ್ದನ್ನು ಹೋಲುವ ಮೊರೆತ, ತಂದೆತಾಯಿಗಳು ಮೆಚ್ಚಿದ ಹಾಡು ಈ ಮೂರನ್ನೂ ಎದುರಿಗೇ ಮೆಲ್ಲನೆ ನುಡಿಸಿ, ಹಾಡಿ ನೋಡಿದರು. ನಾಡಿ ತಗ್ಗಿತು, ಹಾಲು ಹೀರುವ ಕ್ರಮ ಸುಧಾರಿಸಿತು. ಹೆತ್ತವರ ಕಳವಳವೂ ಇಳಿಯಿತು.

ಜಿನೀವಾದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಸಂಗೀತಗಾರ ಆಂಡ್ರಿಯಾಸ್ ಫೋಲೆನ್‌ವೈಡರ್ ಅವರು ಹಲವು ವಾದ್ಯಗಳನ್ನು ನುಡಿಸಿ ನೋಡಿದಾಗ ಕೂಸುಗಳು ಎಲ್ಲಕ್ಕಿಂತ ಹೆಚ್ಚಾಗಿ ಓಗೊಟ್ಟುದು ನಮ್ಮ ಹಾವಾಡಿಗರ ಪುಂಗಿಗೆ! ಹಾವಾದರೋ ಪುಂಗಿಯ ಓಲಾಟವನ್ನು ಕಂಡು ಆಡುತ್ತದೆ. ಕೂಸು ನಿಜವಾಗಿಯೂ ಕೇಳಿತು. ಪುಂಗಿ, ಹಾರ್ಪ್, ಗಂಟೆಗಳ ಎಂಟು ನಿಮಿಷದ ರಚನೆಗಳನ್ನು ಕೇಳಿದ ಶಿಶುಗಳ ಮಿದುಳಿನ ಕೆಲವು ಜಾಲಗಳು ಪೂರ್ಣಾವಧಿ ಶಿಶುಗಳ ಜಾಲಗಳಿಗೆ ಹತ್ತಿರವಾದುದನ್ನು 2019ರಲ್ಲಿ ವರದಿ ಮಾಡಿದರು.

ಇಷ್ಟಕ್ಕೇ ಹಿಗ್ಗಬಾರದು. ಐದು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತಾಯಿಮಗುವಿನ ಬಾಂಧವ್ಯದ ಅಳತೆಯಲ್ಲಿ ಸಂಗೀತದಿಂದ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಸಂಗೀತವು ಔಷಧಕ್ಕೆ ಬದಲಲ್ಲ; ಆರೈಕೆಗೆ ಜೊತೆ.

ಹಾವೇರಿ, ರಾಣೇಬೆನ್ನೂರು ಸೀಮೆಯ ಹೆಣ್ಣುಮಕ್ಕಳಿಗೆ ತೊಟ್ಟಿಲ ಪದವನ್ನು ಯಾರೂ ಕಲಿಸಬೇಕಿಲ್ಲ. ಆದರೆ ನಳಿಗೆ, ತಂತಿಗಳ ನಡುವಿನ ಅಂಗೈಯಷ್ಟು ಕೂಸನ್ನು ಕಂಡಾಗ ದನಿಯೇ ಹೊರಡುವುದಿಲ್ಲ. ದಾದಿಯರ ಎದುರು ಹಾಡಲು ಸಂಕೋಚ ಬೇರೆ. ಮೊಬೈಲನ್ನು ಪೆಟ್ಟಿಗೆಯೊಳಗಿಟ್ಟರಾಯಿತೆಂದು ಕೆಲವರು ತಿಳಿಯುವರು. ಅದು ತಪ್ಪು; ಮುಚ್ಚಿದ ಪೆಟ್ಟಿಗೆಯಲ್ಲಿ ಸದ್ದು ಮಾರ್ದನಿಸುತ್ತದೆ. ಶಿಶುವಿಭಾಗದ ಸದ್ದು 45 ಡೆಸಿಬಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 1997ರಲ್ಲೇ ಹೇಳಿದೆ.

ವೈದ್ಯರು ಒಪ್ಪಿದ ಮೇಲೆ, 1978ರ ಸುಮಾರಿಗೆ ಬೊಗೊಟಾದಲ್ಲಿ ಆರಂಭವಾದ ಕಾಂಗರೂ ಆರೈಕೆಯಂತೆ, ಕೂಸನ್ನು ಬರಿಯ ಎದೆಗೊರಗಿಸಿಕೊಂಡು ಹಾಡುವುದೇ ಲೇಸು. ಒಂದೇ ದನಿ, ಒಂದೇ ಪದ, ಮಾತಿಗಿಂತ ಮೆಲ್ಲಗೆ. ಕೂಸು ಬೆರಳುಗಳನ್ನು ಅಗಲಿಸಿದರೆ, ಬಿಕ್ಕಳಿಸಿದರೆ, ಮುಖ ತಿರುಗಿಸಿದರೆ ಅದಕ್ಕೆ ಸಾಕಾಯಿತೆಂದೇ ಅರ್ಥ. ಆಗ ಹಾಡು ನಿಲ್ಲಿಸಿ ಸುಮ್ಮನೆ ಅವಚಿಕೊಂಡಿರಬೇಕು. ಬಣ್ಣ ಕಂದಿದರೆ ಒಡನೆಯೇ ದಾದಿಯನ್ನು ಕರೆಯಬೇಕು.