ಬೇಸಗೆಯಲ್ಲಿ ಜೇನುಪೆಟ್ಟಿಗೆಯ ಬಾಗಿಲು
(ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ರೈತರ ತಿಳಿವಳಿಕೆಗಾಗಿ)

ಮಾರ್ಚಿಯಿಂದ ಮುಂಗಾರಿನವರೆಗಿನ ಅವಧಿಯು ಈ ಮೂರು ತಾಲ್ಲೂಕುಗಳ ಜೇನು ಸಾಕಣೆದಾರರಿಗೆ ಬಹು ಎಚ್ಚರದ ಕಾಲವಾಗಿರುತ್ತದೆ. ಗೋವಿನಜೋಳ, ಹತ್ತಿಗಳ ಹೊಲಗಳು ಆಗ ಬರಿದಾಗಿರುತ್ತವೆ. ಮೆಣಸಿನಕಾಯಿಯು ಬ್ಯಾಡಗಿ ಪೇಟೆಗೆ ಸೇರಿರುತ್ತದೆ. ಬೇವು, ಹೊಂಗೆ, ಹುಣಸೆಗಳು ಹೂಬಿಡುವ ಕೆಲವು ವಾರಗಳು ಕಳೆದರೆ, ನೀರಾವರಿ ತೋಟಗಳ ಹೊರತು ಹುಳುಗಳಿಗೆ ಮೇವು ದೊರೆಯುವುದು ದುರ್ಲಭ. ಇಂತಹ ಕಾಲದಲ್ಲಿ ತುಡುವೆ ಜೇನು ಪೆಟ್ಟಿಗೆಯನ್ನೇ ತ್ಯಜಿಸಿ ಹೋಗುವುದುಂಟು. ಆಗ ರೈತನಿಗೆ ತುಪ್ಪವಷ್ಟೇ ನಷ್ಟವಾಗುವುದಿಲ್ಲ. ಸೂರ್ಯಕಾಂತಿ, ಸೌತೆ, ಬೀಜಕ್ಕಾಗಿ ಬೆಳೆದ ಉಳ್ಳಾಗಡ್ಡಿ ಮುಂತಾದ ಬೆಳೆಗಳ ಪರಾಗಸ್ಪರ್ಶಕ್ಕೂ ಕುಂದುಂಟಾಗುತ್ತದೆ.

ಸೆಕೆಯ ದೆಸೆಯಿಂದ ಬಾಗಿಲನ್ನು ಅಗಲಿಸಬೇಕೆಂದು ತೋರುತ್ತದೆ. ಮೇವಿನ ಅಭಾವದಲ್ಲಿ ಕಳ್ಳಹುಳುಗಳ ಭಯದಿಂದ ಕಿರಿದುಗೊಳಿಸಬೇಕೆಂದು ತೋರುತ್ತದೆ. ಇವೆರಡರ ನಡುವೆ ಅನುಸರಿಸತಕ್ಕ ನಿಯಮವು ಇದು: ಬಾಗಿಲಿನ ಅಗಲವನ್ನು ಕುಟುಂಬದ ಬಲವನ್ನು ನೋಡಿ ನಿಶ್ಚಯಿಸತಕ್ಕದ್ದು, ಸೆಕೆಯನ್ನು ಬೇರೆ ಉಪಾಯಗಳಿಂದ ನಿವಾರಿಸತಕ್ಕದ್ದು.

೧. ಬಾಗಿಲಿನ ಪ್ರಯೋಜನ.— ಮರಿಗಳಿರುವ ಎರಿಗಳ ಸುತ್ತ ಸುಮಾರು ೩೩ರಿಂದ ೩೬ ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು. ಅದು ಮೀರಿದಾಗ ಕೆಲಸಗಾರ ಹುಳುಗಳು ನೀರನ್ನು ತಂದು ಎರಿಗಳ ಮೇಲೆ ಹರಡಿ, ರೆಕ್ಕೆ ಬೀಸಿ ಗಾಳಿಯಾಡಿಸುತ್ತವೆ. ತುಡುವೆ ಹುಳುಗಳು ಬಾಗಿಲಿನಲ್ಲಿ ತಲೆಯನ್ನು ಹೊರಕ್ಕಿಟ್ಟು ನಿಂತು ಗಾಳಿಯನ್ನು ಒಳಕ್ಕೆ ನೂಕುತ್ತವೆ. ಕಾವಲು ಹುಳುಗಳು ನಿಲ್ಲುವುದೂ ಅದೇ ಸ್ಥಳದಲ್ಲಿ. ಕಾಯಬಲ್ಲಷ್ಟು ಹುಳುಗಳಿಲ್ಲದ ಕುಟುಂಬಕ್ಕೆ ಅಗಲವಾದ ಬಾಗಿಲು ಅಪಾಯಕರ.

೨. ಅಳತೆ.— ಏಳು ಚೌಕಟ್ಟುಗಳ ನ್ಯೂಟನ್ ಮಾದರಿಯ ಪೆಟ್ಟಿಗೆಯಲ್ಲಿ ಆರೇಳು ಚೌಕಟ್ಟುಗಳನ್ನು ಹುಳುಗಳು ತುಂಬಿದ್ದರೆ ಬಾಗಿಲನ್ನು ಸುಮಾರು ೩ ಅಂಗುಲ ತೆರೆದಿಡಬಹುದು. ನಾಲ್ಕೈದು ಚೌಕಟ್ಟುಗಳಿಗೆ ಒಂದೂವರೆ ಅಂಗುಲ ಸಾಕು. ಮೂರು ಅಥವಾ ಅದಕ್ಕಿಂತ ಕಡಮೆಯಾದರೆ ಅರ್ಧ ಅಂಗುಲವನ್ನು ಮೀರಬಾರದು. ಎತ್ತರವು ೮ ಮಿಲಿಮೀಟರಿಗಿಂತ ಹೆಚ್ಚಿರಬಾರದು. ಹೆಚ್ಚಾದರೆ ಇಲಿ, ಓತಿಗಳಿಗೆ ಅವಕಾಶವಾಗುತ್ತದೆ. ಅಗಲವನ್ನು ಕುಗ್ಗಿಸಲು ಮರದ ಪಟ್ಟಿಯ ತುಂಡೊಂದು ಸಾಕು.

೩. ಸೆಕೆಯ ನಿವಾರಣೆ.— ಪೆಟ್ಟಿಗೆಗೆ ನಡುಹಗಲಿನಿಂದ ಸಾಯಂಕಾಲದವರೆಗೆ ನೆರಳಿರಬೇಕು. ಬಾಗಿಲು ಮೂಡಣಕ್ಕಿರುವುದು ಉತ್ತಮ. ಪಡುವಣಕ್ಕಿದ್ದರೆ ಇಳಿಹೊತ್ತಿನ ಬಿಸಿಲು ಒಳನುಗ್ಗುತ್ತದೆ. ಮುಚ್ಚಳದ ಗಾಳಿರಂಧ್ರಗಳ ಬಲೆಯನ್ನು ಶುಚಿಯಾಗಿಡಬೇಕು. ಮುಚ್ಚಳದ ಮೇಲೆ ಒದ್ದೆ ಗೋಣಿತಾಟನ್ನು ಹೊದಿಸಬೇಕು. ಸಮೀಪದಲ್ಲಿ ಆಳವಿಲ್ಲದ ಪಾತ್ರೆಯಲ್ಲಿ ನೀರಿಟ್ಟು, ಹುಳು ಮುಳುಗದಂತೆ ಹರಳುಗಳನ್ನು ಹಾಕಬೇಕು. ಏಪ್ರಿಲ್-ಮೇ ತಿಂಗಳುಗಳ ಗುಡುಗುಮಳೆಯ ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆಯನ್ನು ಬಾಗಿಲಿನ ಕಡೆಗೆ ಸ್ವಲ್ಪ ಇಳಿಜಾರಾಗಿ ಇರಿಸುವುದು ಯುಕ್ತ.

ಸಂಜೆಯ ಹೊತ್ತು ಹುಳುಗಳು ಬಾಗಿಲಿನ ಹೊರಗೆ ಗೊಂಚಲಾಗಿ ನಿಂತರೆ ಗಾಬರಿಪಡಬೇಕಾಗಿಲ್ಲ. ನೆರಳು, ನೀರು, ಗಾಳಿಗಳು ಸರಿಯಾಗಿವೆಯೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.

೪. ಕಳ್ಳಹುಳುಗಳು.— ಬಾಗಿಲಿನಲ್ಲಿ ಹುಳುಗಳು ಹೊರಳಾಡಿ ಕಾದಾಡುವುದು, ಹೊಸ ಹುಳುಗಳು ಸಂದುಗಳ ಬಳಿ ಸುಳಿದಾಡುವುದು, ಮೇಣದ ಪುಡಿ ಉದುರಿರುವುದು ಕೊಳ್ಳೆಯ ಗುರುತುಗಳು. ಕೂಡಲೇ ಬಾಗಿಲನ್ನು ಒಂದೆರಡು ಹುಳು ನುಸುಳುವಷ್ಟಕ್ಕೆ ಇಳಿಸಿ, ಸಂದುಗಳನ್ನು ಮೆತ್ತತಕ್ಕದ್ದು. ಸಕ್ಕರೆ ಪಾಕವನ್ನು ಕತ್ತಲಾದ ಮೇಲೆ ಒಳಗೇ ಇಡಬೇಕು. ಹೊರಗೆ ಒಂದು ತೊಟ್ಟೂ ಚೆಲ್ಲಬಾರದು. ಹಗಲಿನಲ್ಲಿ ಪೆಟ್ಟಿಗೆಯನ್ನು ಬಹಳ ಹೊತ್ತು ಬಿಚ್ಚಿಡಬಾರದು. ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಪಡಿಸಿತು. ಇಂತಹ ರೋಗಗಳು ಕೊಳ್ಳೆಹುಳುಗಳ ಮೂಲಕವೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹರಡುವುದರಿಂದ, ಒಬ್ಬನ ಅಲಕ್ಷ್ಯವು ನೆರೆಯವನಿಗೂ ಹಾನಿಕರ.

೫. ಗೂಡು ಬಿಡುವ ಸೂಚನೆ.— ಪರಾಗ ತರುವ ಹುಳುಗಳು ಕಡಮೆಯಾಗಿ, ಮೊಟ್ಟೆ ಮರಿಗಳು ಕಾಣದೆ, ತುಪ್ಪದ ಕೋಣೆಗಳು ಬರಿದಾಗಿದ್ದರೆ ಕುಟುಂಬವು ಹೊರಡಲು ಸಿದ್ಧವಾಗುತ್ತಿದೆ ಎಂದು ತಿಳಿಯಬೇಕು. ಕೆಲಸಗಾರ ಹುಳುಗಳು ಮಾತ್ರ ನುಸುಳಬಲ್ಲ, ರಾಣಿಯು ನುಸುಳಲಾರದ ತಗಡಿನ ಪಟ್ಟಿಯನ್ನು ಬಾಗಿಲಿಗೆ ಇರಿಸುವುದು ತಾತ್ಕಾಲಿಕ ಉಪಾಯವಷ್ಟೇ. ಅದೇ ಸಂಜೆಯಿಂದ ಸಮತೂಕದ ಸಕ್ಕರೆ ನೀರಿನ ಪಾಕವನ್ನು ಕೊಟ್ಟು, ಹುಳುಗಳಿಲ್ಲದ ಹಳೆಯ ಎರಿಗಳನ್ನು ತೆಗೆದು ಮೇಣದ ಪತಂಗಕ್ಕೆ ಆಸ್ಪದವಿಲ್ಲದಂತೆ ಮಾಡದಿದ್ದರೆ ಪಟ್ಟಿಯಿಂದ ಫಲವಿಲ್ಲ.

೬. ಔಷಧ ಸಿಂಪಡಿಸುವಾಗ.— ನೆರೆಹೊಲದ ಬೆಳೆಗೆ ವಿಷೌಷಧ ಹೊಡೆಯುವರೆಂದು ಹಗಲೆಲ್ಲ ಬಾಗಿಲನ್ನು ಹಲಗೆಯಿಂದ ಮುಚ್ಚಿದರೆ ಹುಳುಗಳು ಸೆಕೆಯಿಂದಲೇ ಸಾಯುತ್ತವೆ. ಹುಳುಗಳು ಮರಳಿದ ಮೇಲೆ ಸಂಜೆ ಸಿಂಪಡಿಸುವಂತೆ ನೆರೆಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ಸರ್ವೋತ್ತಮ. ಅನಿವಾರ್ಯವಾದರೆ ಹಿಂದಿನ ರಾತ್ರಿ ಬಾಗಿಲಿಗೆ ತಂತಿಬಲೆ ಕಟ್ಟಿ, ಪೆಟ್ಟಿಗೆಯನ್ನು ಎರಡು ಮೈಲಿಗಿಂತ ದೂರಕ್ಕೆ ಸಾಗಿಸಿ, ಅಲ್ಲಿ ತಲಪಿದೊಡನೆ ಬಲೆಯನ್ನು ತೆಗೆಯತಕ್ಕದ್ದು.

ದಿನವೂ ಬೆಳಗ್ಗೆ ಕೆಲವು ನಿಮಿಷ ಬಾಗಿಲಿನ ಮುಂದೆ ನಿಂತು ನೋಡುವ ರೈತನಿಗೆ ಒಳಗಿನ ಸ್ಥಿತಿಯು ಬಹುಮಟ್ಟಿಗೆ ಪೆಟ್ಟಿಗೆ ಬಿಚ್ಚದೆಯೇ ಗೊತ್ತಾಗುತ್ತದೆ. ಮುಂಗಾರು ಹಿಡಿಯುವವರೆಗೆ ಈ ಅಭ್ಯಾಸವನ್ನು ತಪ್ಪದೆ ಇಟ್ಟುಕೊಳ್ಳಬೇಕು.