ಎಣಿಸುವ ಮುಂಚೆ, ಎಣಿಸಿದ ಮೇಲೆ

ಪ್ರೀತಿಯ ಮಗಳೇ,

ಪಿಎಚ್‌ಡಿಗೆ ಗುಣಾತ್ಮಕ ವಿಧಾನವೋ ಪರಿಮಾಣಾತ್ಮಕ ವಿಧಾನವೋ ಎಂದು ಕೇಳಿದ್ದೀಯ. ತೀರ್ಮಾನಿಸುವ ಮುಂಚೆ, ಮಂಡ್ಯ ಸೀಮೆಯ ಎರಡು ಹಳ್ಳಿಗಳ ಬಗ್ಗೆ ಸ್ಕಾರ್ಲೆಟ್ ಎಪ್‌ಸ್ಟೈನ್ 1962ರಲ್ಲಿ ಪ್ರಕಟಿಸಿದ ಪುಸ್ತಕ ಓದು.

ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ಓದಿದ ಆಕೆ 1954ರಲ್ಲಿ ಇಲ್ಲಿಗೆ ಬಂದರು. ಹಳ್ಳಿಗಳಿಗೆ ವಂಗಲ, ದಲೇನ ಎಂದು ಮರೆಹೆಸರು ಕೊಟ್ಟರು. ವಂಗಲಕ್ಕೆ ನಾಲೆ ನೀರು ಬಂದಿತ್ತು. ದಲೇನದ ಜಮೀನು ಎತ್ತರದಲ್ಲಿದ್ದು ನೀರು ಹತ್ತಲಿಲ್ಲ. ಆಕೆ ಮನೆಗಳ ಆದಾಯ, ಖರ್ಚು, ಜಮೀನು ಎಲ್ಲವನ್ನೂ ಲೆಕ್ಕ ಹಾಕಿದರು. ಜೊತೆಗೇ ಅಲ್ಲಿ ವಾಸವಿದ್ದು ಜನರ ಬದುಕು ನೋಡಿದರು.

ನೀರು ಕಂಡ ಊರೇ ಹೆಚ್ಚು ಬದಲಾಗಿರುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ಬೇರೆ. ವಂಗಲದಲ್ಲಿ ಕಬ್ಬಿನ ದುಡ್ಡು ಬಂದರೂ ಬೇಸಾಯವೇ ಮುಂದುವರಿಯಿತು, ಒಕ್ಕಲಿಗರಿಗೂ ದಲಿತರಿಗೂ ಇದ್ದ ತಲೆಮಾರುಗಳ ಆಳು-ಒಡೆಯ ಸಂಬಂಧ ಬಹುಮಟ್ಟಿಗೆ ಉಳಿಯಿತು. ದಲೇನದವರು ಹೊರಗೆ ದಾರಿ ಹುಡುಕಿದರು: ಮಂಡ್ಯದಲ್ಲಿ ನೌಕರಿ, ಹಿಟ್ಟಿನ ಗಿರಣಿ, ಪಕ್ಕದೂರಲ್ಲಿ ಗದ್ದೆ. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿ.

ಆದಾಯದ ಕೋಷ್ಟಕವೊಂದೇ ಇದ್ದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಆಳಿಗೆ ವರ್ಷಕ್ಕಿಷ್ಟು ಧಾನ್ಯ ಎಂಬ ಪದ್ಧತಿಯನ್ನೇ ನೋಡು. ಸುಗ್ಗಿ ಚೆನ್ನಾದ ವರ್ಷ ಅದು ಕಡಿಮೆ ಕೂಲಿ. ಬೆಳೆ ಕೆಟ್ಟ ವರ್ಷ ಅದೇ ಆಸರೆ. ಅದರಲ್ಲಿನ ಅನ್ಯಾಯವನ್ನು ನಾನು ಮರೆಯಲಾರೆ, ಆದರೂ ಅದೇಕೆ ಬಾಳಿತೆಂದು ತಿಳಿಯಲು ಅಳತೆಯೂ ಬೇಕು, ಬರಗಾಲದ ನೆನಪೂ ಬೇಕು. 1970ರಲ್ಲಿ ಎಪ್‌ಸ್ಟೈನ್ ಮರಳಿ ಬಂದಾಗ ಏನು ಬದಲಾಗಿದೆಯೆಂದು ಹೋಲಿಸಲು ಹಳೆಯ ಲೆಕ್ಕವೇ ಕೈಗೆ ಬಂತು.

ಈಗ ಮಿಶ್ರ ವಿಧಾನದ ಹೆಸರಿನಲ್ಲಿ ನಾಲ್ಕನೆಯ ಅಧ್ಯಾಯದಲ್ಲಿ ಶೇಕಡಾವಾರು, ಐದನೆಯದರಲ್ಲಿ ಸಂದರ್ಶನದ ಮಾತು ಇಟ್ಟು, ಒಂದನ್ನೊಂದು ಪ್ರಶ್ನಿಸದ ಪ್ರಬಂಧಗಳು ಬರುತ್ತಿವೆ. ನಿನ್ನದು ಹಾಗಾಗದಿರಲಿ. ಒಬ್ಬಾಕೆಯ ಮಾತು ಮನಸ್ಸಿಗೆ ನಾಟಿದರೆ, ಅದು ಎಷ್ಟು ಮನೆಗಳ ಮಟ್ಟಿಗೆ ನಿಜ ಎಂದು ಎಣಿಸಿ ನೋಡು.

ಪ್ರಶ್ನಾವಳಿಯನ್ನು ಈಗಲೇ ಅಚ್ಚು ಹಾಕಿಸಬೇಡ. ಮೊದಲು ಊರಿನಲ್ಲಿದ್ದು, ಜನ ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ಕೇಳಿಸಿಕೋ. ಪ್ರಶ್ನೆಗಳು ಅಲ್ಲಿಂದ ಬರಲಿ. ಸಮೀಕ್ಷೆ ಮುಗಿದ ಮೇಲೆ ಸರಾಸರಿಗೆ ಹೊಂದದ ಮನೆಗಳನ್ನು ಗುರುತು ಹಾಕಿಕೊಂಡು ಅವರ ಜಗುಲಿಗೆ ಮತ್ತೆ ಹೋಗು. ಆ ಎರಡನೆಯ ಭೇಟಿಗೆ ಬೇಕಾದ ತಿಂಗಳುಗಳನ್ನು ನಿನ್ನ ವೇಳಾಪಟ್ಟಿಯಲ್ಲಿ ಇಂದೇ ಬರೆದಿಡು, ಗೈಡ್ ಬೇಡವೆಂದರೂ ಬಿಡಬೇಡ.

ಆಶೀರ್ವಾದಗಳೊಂದಿಗೆ,
ನಿನ್ನ ಹಿರಿಯ ಹಿತೈಷಿ