ಬಿಡುಗಡೆಯ ಹಾದಿ ತೋರಿದ ಹ್ಯಾರಿಯೆಟ್ ಟಬ್‌ಮನ್
(ಮಕ್ಕಳಿಗಾಗಿ ಒಂದು ಜೀವನಪಾಠ)

ಧಾನ್ಯಕ್ಕೆ, ಬಟ್ಟೆಗೆ, ಬೆಲ್ಲಕ್ಕೆ ಬೆಲೆ ಕಟ್ಟುವುದು ವ್ಯಾಪಾರ. ಮನುಷ್ಯನಿಗೇ ಬೆಲೆ ಕಟ್ಟುವುದು ಮಹಾಪಾಪ. ಆದರೂ 1865ರವರೆಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಫ್ರಿಕ ಮೂಲದ ಜನರನ್ನು ಕಾನೂನಿನ ಸಮ್ಮತಿಯಿಂದಲೇ ಕೊಂಡು ಮಾರಲಾಗುತ್ತಿತ್ತು. ಆ ದಾಸ್ಯದಿಂದ ಪಾರಾದ ಮೇಲೆಯೂ ಪರರಿಗಾಗಿ ಮತ್ತೆ ಮತ್ತೆ ಅಲ್ಲಿಗೇ ಮರಳಿದ ಧೀರ ಮಹಿಳೆ ಹ್ಯಾರಿಯೆಟ್ ಟಬ್‌ಮನ್.

ಬಾಲ್ಯ

ಸುಮಾರು 1822ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಆಕೆಯ ಜನನವಾಯಿತು. ತಂದೆ ಬೆನ್ ರಾಸ್, ತಾಯಿ ರಿಟ್. ಹೆತ್ತವರು ಇಟ್ಟ ಹೆಸರು ಅರಮಿಂಟ. ಆಡುವ ವಯಸ್ಸಿನಲ್ಲಿಯೇ ಆಕೆಯನ್ನು ಪರರ ಮನೆಗೆ ಬಾಡಿಗೆ ದುಡಿಮೆಗೆ ಕಳುಹಿಸಲಾಯಿತು. ಮೂವರು ಅಕ್ಕಂದಿರು ದೂರದ ಊರುಗಳಿಗೆ ಮಾರಾಟವಾಗಿ ಹೋದರು. ಒಮ್ಮೆ ಅಂಗಡಿಯೊಂದರಲ್ಲಿ, ಓಡಿಹೋಗುತ್ತಿದ್ದ ಮತ್ತೊಬ್ಬ ದಾಸನತ್ತ ಮೇಲ್ವಿಚಾರಕನು ಬೀಸಿದ ತೂಕದ ಬಟ್ಟು ಈ ಬಾಲೆಯ ತಲೆಗೆ ಬಡಿಯಿತು. ಅಂದಿನಿಂದ ಇದ್ದಕ್ಕಿದ್ದಂತೆ ಮೈಮರೆತು ನಿದ್ರೆಗೆ ಜಾರುವ ಬಾಧೆ ಆಕೆಯನ್ನು ಜೀವನಪರ್ಯಂತ ಬಿಡಲಿಲ್ಲ.

ಪಲಾಯನ

1849ರಲ್ಲಿ ಯಜಮಾನನು ಮರಣಹೊಂದಲು, ತನ್ನನ್ನೂ ಮಾರಿಬಿಡುವರೆಂಬ ಭಯ ಆವರಿಸಿತು. ಆಕೆ ಇಬ್ಬರು ಸಹೋದರರೊಡನೆ ಹೊರಟಳು. ಅವರು ಹೆದರಿ ಹಿಂತಿರುಗಿದಾಗ ಆಕೆಯೂ ಮರಳಬೇಕಾಯಿತು. ಸ್ವಲ್ಪ ಕಾಲದಲ್ಲಿಯೇ ಒಬ್ಬಳೇ ಹೊರಟು, ರಾತ್ರಿ ಧ್ರುವನಕ್ಷತ್ರವನ್ನು ನೋಡುತ್ತ, ದಯಾಳುಗಳ ಮನೆಗಳಲ್ಲಿ ಅಡಗುತ್ತ, ಸ್ವತಂತ್ರ ರಾಜ್ಯವಾದ ಪೆನ್ಸಿಲ್ವೇನಿಯವನ್ನು ಸೇರಿದಳು. ಹೀಗೆ ಓಡಿಬಂದವರಿಗೆ ಗುಟ್ಟಾಗಿ ಆಶ್ರಯ ನೀಡುತ್ತಿದ್ದವರ ಜಾಲವನ್ನು ‘ನೆಲದಡಿಯ ರೈಲು’ ಎಂದು ಕರೆಯುತ್ತಿದ್ದರು. ಅದರಲ್ಲಿ ಹಳಿಯೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಇದ್ದುದು ಮನುಷ್ಯರ ವಿಶ್ವಾಸವೊಂದೇ.

ಮರಳಿ ಹೋದವಳು

ಓಡಿಹೋದವರನ್ನು ಎಲ್ಲಿದ್ದರೂ ಹಿಡಿದೊಪ್ಪಿಸಬೇಕೆಂಬ ಕಠಿಣ ಕಾನೂನು 1850ರಲ್ಲಿ ಬಂದಿತು. ಅದೇ ವರ್ಷ ಹ್ಯಾರಿಯೆಟ್ ತನ್ನ ಬಂಧುಗಳನ್ನು ಬಿಡಿಸಿ ತರುವ ಕಾರ್ಯ ಆರಂಭಿಸಿದಳು.

1854ರ ಕ್ರಿಸ್‌ಮಸ್ ಸಮಯ. ಮಾರಾಟದ ಅಂಚಿನಲ್ಲಿದ್ದ ಮೂವರು ಸಹೋದರರನ್ನು ಕರೆದೊಯ್ಯಲು ಆಕೆ ಬಂದಳು. ಎಲ್ಲರೂ ಹೆತ್ತವರ ಗುಡಿಸಲಿನ ಸಮೀಪದ ಮೇವಿನ ಕೊಟ್ಟಿಗೆಯಲ್ಲಿ ಅಡಗಿದರು. ತಾಯಿಗೆ ತಿಳಿದರೆ ದುಃಖ ತಡೆಯಲಾರದೆ ಗುಟ್ಟು ಹೊರಬೀಳುವುದೆಂದು ಆಕೆಗೆ ಹೇಳಲಿಲ್ಲ. ಹಬ್ಬದೂಟಕ್ಕೆ ಗಂಡುಮಕ್ಕಳ ದಾರಿ ಕಾಯುತ್ತಿದ್ದ ಆ ವೃದ್ಧೆಯನ್ನು ಮಕ್ಕಳು ಮರೆಯಿಂದಲೇ ಕಣ್ತುಂಬ ನೋಡಿದರು. ತಂದೆಯಾದರೋ ಆಹಾರ ತಂದುಕೊಟ್ಟನು. ಆದರೆ ಮಕ್ಕಳ ಮುಖ ನೋಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ತೋಳು ಹಿಡಿದು ಸ್ವಲ್ಪ ದೂರ ನಡೆದು ಬೀಳ್ಕೊಟ್ಟನು. ಹುಡುಕಲು ಬಂದವರಿಗೆ “ನಾನು ಮಕ್ಕಳನ್ನು ನೋಡಲಿಲ್ಲ” ಎಂದು ಹೇಳಿದಾಗ ಅದು ಸುಳ್ಳಾಗಬಾರದೆಂಬುದೇ ಆತನ ಉದ್ದೇಶವಾಗಿತ್ತು. 1857ರಲ್ಲಿ ಹ್ಯಾರಿಯೆಟ್ ಆ ವೃದ್ಧ ದಂಪತಿಗಳನ್ನೂ ಕರೆತಂದಳು.

ಹಳೆಯ ಪುಸ್ತಕಗಳು ಆಕೆ ಮುನ್ನೂರು ಜನರನ್ನು ಬಿಡಿಸಿದಳೆನ್ನುತ್ತವೆ. ಇತ್ತೀಚಿನ ಸಂಶೋಧಕರು ಸುಮಾರು 13 ಪ್ರಯಾಣಗಳಲ್ಲಿ 70 ಜನರೆಂದು ಲೆಕ್ಕ ಹಾಕಿದ್ದಾರೆ. ಸಂಖ್ಯೆ ಕಡಿಮೆಯಾದುದರಿಂದ ಮಹಿಮೆಯೇನೂ ಕಡಿಮೆಯಾಗದು. ಪ್ರತಿಯೊಂದು ಪ್ರಯಾಣದಲ್ಲಿಯೂ ಆಕೆ ಪಡೆದ ಸ್ವಾತಂತ್ರ್ಯವೇ ಪಣವಾಗಿತ್ತು.

ಕೊನೆಯ ದಿನಗಳು

ಅಂತರ್ಯುದ್ಧದಲ್ಲಿ ಆಕೆ ದಾದಿಯಾಗಿಯೂ ಗೂಢಚಾರಿಣಿಯಾಗಿಯೂ ಸೇವೆ ಸಲ್ಲಿಸಿದಳು. 1863ರ ಜೂನ್‌ನಲ್ಲಿ ಕೊಂಬಾಹೀ ನದಿಯ ಕಾರ್ಯಾಚರಣೆಯಲ್ಲಿ ಸೈನ್ಯಕ್ಕೆ ದಾರಿ ತೋರಲು, 700ಕ್ಕೂ ಹೆಚ್ಚು ಜನರು ಬಿಡುಗಡೆ ಹೊಂದಿದರು. ಓದುಬರಹವನ್ನರಿಯದ ಆಕೆ, ಬಡತನದಲ್ಲಿಯೂ ತನ್ನ ಜಮೀನನ್ನು ವೃದ್ಧರ ಆಶ್ರಯಕ್ಕಾಗಿ ದಾನ ಮಾಡಿದಳು. 1908ರಲ್ಲಿ ಆ ವೃದ್ಧಾಶ್ರಮ ತೆರೆಯಿತು. 1913ರ ಮಾರ್ಚ್ 10ರಂದು ಆಕೆ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ದೇಹತ್ಯಾಗ ಮಾಡಿದಳು.

ತಾನು ದಡ ಸೇರುವುದು ಅದೃಷ್ಟವಿರಬಹುದು. ಪರರನ್ನು ದಡ ಸೇರಿಸಲು ಮತ್ತೆ ಹೊಳೆಗಿಳಿಯುವುದು ಧರ್ಮ.

ಮನನಕ್ಕೆ ಪ್ರಶ್ನೆಗಳು
1. ತಂದೆಯು ಕಣ್ಣಿಗೆ ಬಟ್ಟೆ ಕಟ್ಟಿಕೊಂಡುದೇಕೆ?
2. ತಾಯಿಗೆ ತಿಳಿಸದೆ ಹೋದುದು ಸರಿಯೇ? ಮನೆಯ ಹಿರಿಯರೊಡನೆ ಚರ್ಚಿಸಿರಿ.
3. ಪಾರಾದ ಮೇಲೆಯೂ ಹ್ಯಾರಿಯೆಟ್ ಮರಳಿ ಹೋದುದೇಕೆ?